ಕಡವಿನ ಓಡದಿಂದ ಪ್ಲೈವುಡ್ ದೋಣಿಯವರೆಗೆ

ಕಳೆದ ಬೇಸಿಗೆಯಲ್ಲಿ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಕೊಟ್ಟಿಗೆಯ ಮಾಡಿನಡಿ ತೂಗುಹಾಕಿದ್ದ ಪುಟ್ಟ ದೋಣಿಯನ್ನು ಕಂಡು, "ಮಾಷ್ಟ್ರೇ, ಸೇತುವೆ ಇರುವಾಗ ದೋಣಿ ಯಾಕೆ?" ಎಂದು ಕೇಳಿದ. ಅಂದು ನಕ್ಕು ಸುಮ್ಮನಾದೆ. ಉತ್ತರ ತುಸು ದೀರ್ಘವಾದುದರಿಂದ ಈಗ ಬರೆಯುತ್ತಿದ್ದೇನೆ.

ನಮ್ಮ ಇಚಿಲಂಪಾಡಿಯ ಬದುಕು ಗುಂಡ್ಯ ಹೊಳೆಯ ಬದಿಯದು. ಈ ಹೊಳೆ ಕುಮಾರಧಾರೆಯನ್ನು ಸೇರುತ್ತದೆ. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿಕೊಂಡು ಬಂಟ್ವಾಳದ ಮೂಲಕ ಮಂಗಳೂರಿನ ಕಡಲಿಗಿಳಿಯುತ್ತದೆ. ಮೋಟಾರು ರಸ್ತೆಗಳು ಬರುವ ಮುನ್ನ ಬಂಟ್ವಾಳ, ಮಂಗಳೂರುಗಳ ನಡುವೆ ಸರಕು ಸಾಗಿಸಲು ದೋಣಿಗಳೇ ಆಧಾರವಾಗಿದ್ದವು. ಮೇಲ್ಭಾಗದ ನಮ್ಮ ಹೊಳೆಗಳಲ್ಲಾದರೋ ಬಂಡೆಗಳೂ ಸೆಳವೂ ಹೆಚ್ಚು. ಇಲ್ಲಿ ದೋಣಿಯ ಕೆಲಸ ಉದ್ದಕ್ಕೆ ಸಾಗುವುದಲ್ಲ, ಈ ದಡದಿಂದ ಆ ದಡಕ್ಕೆ ದಾಟಿಸುವುದು. ದಾಟುವ ಸ್ಥಳವೇ ಕಡವು. ತುಳುವಿನಲ್ಲಿ ದೋಣಿಯೇ ಓಡ. ಮಳೆಗಾಲದಲ್ಲಿ ಶಾಲೆ, ಸಂತೆ, ಹೆರಿಗೆ, ಬೊಜ್ಜ ಎಲ್ಲವೂ ಕಡವಿನವನ ಕೈಯಲ್ಲಿದ್ದವು.

ಹಿಂದೆ ಒಳನಾಡಿನ ದೋಣಿಯೆಂದರೆ ಮಾವು ಅಥವಾ ಹೆಬ್ಬಲಸಿನ ಒಂದೇ ದಿಮ್ಮಿಯನ್ನು ಬಾಚಿಯಿಂದ ಕೊರೆದು ಮಾಡಿದ್ದು. ಒಂದು ದೋಣಿಗೆ ಒಂದು ಹೆಮ್ಮರ ಬೇಕು. ಕಡಲ ಬದಿಯವರ ವಿದ್ಯೆ ಬೇರೆ: ಹಲಗೆಗಳನ್ನು ಅಂಚಿಗಂಚು ಜೋಡಿಸಿ, ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. 14ನೆಯ ಶತಮಾನದ ಯಾತ್ರಿಕ ಇಬ್ನ್ ಬತೂತ ಇಂತಹ ಹೊಲಿದ ಹಡಗುಗಳ ಬಗ್ಗೆ ಬರೆದಿದ್ದಾನೆ. ಈ ಹೊಲಿಗೆಯ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1923ರ ಮಹಾನೆರೆಯನ್ನು ನಮ್ಮ ಹಿರಿಯರು ಮಾರಿಬೊಳ್ಳ ಎಂದು ಕರೆಯುತ್ತಿದ್ದರು. ನಾನು ಕಣ್ಣಾರೆ ಕಂಡದ್ದು 1974ರ ನೆರೆಯನ್ನು. ಆಗ ನನಗೆ ಹದಿಮೂರು, ಅಕ್ಕನಿಗೆ ಹದಿನಾರು. ಅವಳು ಹತ್ತನೆಯ ತರಗತಿಯಲ್ಲಿದ್ದಳು. ಒಂದು ರಾತ್ರಿ ಏರಿದ ನೀರು ನಮ್ಮ ಕಡವಿನ ಓಡವನ್ನು ಹಗ್ಗಸಹಿತ ಕೊಂಡೊಯ್ಯಿತು. ಆ ಮಳೆಗಾಲ ಮುಗಿಯುವವರೆಗೂ ಹೊಸ ಓಡ ಬರಲಿಲ್ಲ. ನನ್ನನ್ನು ಆಚೆ ದಡದ ನೆಂಟರ ಮನೆಯಲ್ಲಿ ಬಿಟ್ಟರು. ಅಕ್ಕ ಮನೆಯಲ್ಲೇ ಉಳಿದಳು. ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ಕಾಲ ಬದಲಾಯಿತು. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತಮ್ಮ ಮೊದಲ ತೂಗುಸೇತುವೆ ಕಟ್ಟಿದರು. ಆಮೇಲೆ ಅವರು ಕಟ್ಟಿದ ಸೇತುವೆಗಳು ನೂರನ್ನು ಮೀರಿದವು. 2017ರಲ್ಲಿ ಪದ್ಮಶ್ರೀ ಅವರನ್ನರಸಿ ಬಂತು. ತೂಗುಸೇತುವೆಗಳೂ ಕಾಂಕ್ರೀಟು ಸೇತುವೆಗಳೂ ಬಂದಂತೆ ಕಡವುಗಳು ಒಂದೊಂದಾಗಿ ನಿಂತವು. ಅದು ಒಳ್ಳೆಯದೇ ಆಯಿತು.

ಇತ್ತ ದೋಣಿ ಕಟ್ಟುವ ವಿದ್ಯೆಯೂ ಬದಲಾಗಿತ್ತು. 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಬ್ಯಾರಿ ಬಕ್ನೆಲ್ ಮತ್ತು ಜ್ಯಾಕ್ ಹೋಲ್ಟ್ ಸೇರಿ ಮಿರರ್ ಡಿಂಗಿ ಎಂಬ ಪುಟ್ಟ ದೋಣಿಯನ್ನು ರೂಪಿಸಿದರು. ಪ್ಲೈವುಡ್ ತುಂಡುಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದುಗಳಿಗೆ ರಾಳವನ್ನೂ ಗಾಜಿನೆಳೆಯ ಪಟ್ಟಿಯನ್ನೂ ಹಚ್ಚಿದರೆ ಸಾಮಾನ್ಯನೂ ಮನೆಯಲ್ಲೇ ದೋಣಿ ಮಾಡಬಹುದು. ಇದೇ ಕ್ರಮ 1980ರ ದಶಕದಲ್ಲಿ ಕನ್ಯಾಕುಮಾರಿ ಜಿಲ್ಲೆಯ ಮುಟ್ಟಂನ ಮೀನುಗಾರರನ್ನೂ ತಲುಪಿತು. ನಾರಿನ ಹುರಿಯ ಬದಲು ತಂತಿ ಬಂತು, ಅಷ್ಟೇ. ನಮ್ಮ ಕರಾವಳಿಯ ಹೊಲಿಗೆ ಹೊಸ ವೇಷದಲ್ಲಿ ಮರಳಿತು.

ನಿವೃತ್ತಿಯ ಬಳಿಕ ನಾನೂ ಒಂದನ್ನು ಮಾಡಿದೆ. ಮೊದಲನೆಯದು ಕೆಟ್ಟಿತು, ತಪ್ಪು ನನ್ನದೇ. ಅಗ್ಗವೆಂದು ಮನೆಯ ಕಪಾಟಿಗೆ ಬಳಸುವ ಪ್ಲೈವುಡ್ ತಂದಿದ್ದೆ. ಒಂದೇ ಮಳೆಗಾಲದಲ್ಲಿ ಅದರ ಪದರಗಳು ಹಪ್ಪಳದಂತೆ ಬಿಟ್ಟುಕೊಂಡವು. ದೋಣಿಗೆ ಬೇಕಾದುದು ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್. ಅದರ ಅಂಟು ಕುದಿಯುವ ನೀರಿಗೂ ಬಿಡುವುದಿಲ್ಲ. ಎರಡನೆಯದಕ್ಕೆ ಅದರ 6 ಮಿಲಿಮೀಟರ್ ದಪ್ಪದ ಹಾಳೆಗಳನ್ನು ತಂದೆ. ಹಾಳೆ ಎಂಟಡಿ ಉದ್ದ, ದೋಣಿ ಹತ್ತಡಿ. ಆದುದರಿಂದ ಅಂಚುಗಳನ್ನು ದಪ್ಪದ ಎಂಟು ಪಟ್ಟು, ಅಂದರೆ 48 ಮಿಲಿಮೀಟರ್, ಓರೆಯಾಗಿ ಕೆತ್ತಿ ಒಂದರ ಮೇಲೊಂದು ಅಂಟಿಸಬೇಕು. ಊರಿನ ಆಚಾರಿಯವರು ಕೀಸುಳಿ ಹಿಡಿದು ಆ ಕೆಲಸ ಮಾಡಿಕೊಟ್ಟರು. ಆರಾರು ಇಂಚಿಗೆ ತೂತು ಕೊರೆದು ತಂತಿಯಿಂದ ಹೊಲಿದಾಗ ಚಪ್ಪಟೆ ಹಾಳೆಗಳು ತಾವಾಗಿ ಬಾಗಿ ದೋಣಿಯಾದವು. ಒಳಸಂದುಗಳಿಗೆ ಎಪಾಕ್ಸಿಯಲ್ಲಿ ಮರದ ಹುಡಿ ಕಲಸಿ ತುಂಬಿದೆ.

ಒಂಬತ್ತನೆಯ ತರಗತಿಯಲ್ಲಿ ಆರ್ಕಿಮಿಡೀಸನ ತತ್ವಕ್ಕೆ ನಿದ್ದೆ ಹೋದವರು ಈಗಲಾದರೂ ಕೇಳಿ. ದೋಣಿ 30 ಕಿಲೋ, ಇಬ್ಬರು ಕುಳಿತರೆ 150. ಒಟ್ಟು 180 ಕಿಲೋ. ಅದು 180 ಲೀಟರ್ ನೀರನ್ನು ಸರಿಸಬೇಕು. ತಳ ಸುಮಾರು 1.8 ಚದರ ಮೀಟರ್ ಇದ್ದರೆ ದೋಣಿ ಮುಳುಗುವುದು 10 ಸೆಂಟಿಮೀಟರ್, ಒಂದು ಗೇಣಿಗೂ ಕಡಿಮೆ.

ಕಳೆದ ಜನವರಿಯಲ್ಲಿ, ತಿಳಿನೀರಿನ ಕಯದಲ್ಲಿ, ಅಕ್ಕನನ್ನು ಕುಳ್ಳಿರಿಸಿ ಹುಟ್ಟು ಹಾಕಿದೆ. ನಡುಹೊಳೆಯಲ್ಲಿ ಅವಳು ಅಂಚನ್ನು ಸವರುತ್ತಾ, "ಇಷ್ಟು ಸಣ್ಣದೊಂದು ಆಗ ಇದ್ದಿದ್ದರೆ ನಾನೂ ಎಸ್ಸೆಸ್ಸೆಲ್ಸಿ ಬರೆಯುತ್ತಿದ್ದೆನಲ್ಲವಾ ತಮ್ಮಾ?" ಎಂದಳು.

ಆಟಿಯ ಪ್ರವಾಹಕ್ಕೆ ಈ ದೋಣಿ ನಿಲ್ಲದು ಎಂದು ನಾನು ಬಲ್ಲೆ. ಅಂದು ಇಲ್ಲದ್ದು ದೋಣಿ ಮಾತ್ರವೂ ಅಲ್ಲ. ನನಗೆ ಸಿಕ್ಕ ನೆಂಟರ ಮನೆ ಅವಳಿಗೂ ಸಿಗಬಹುದಿತ್ತು. ಮೂವತ್ತು ವರ್ಷ ಇತಿಹಾಸವನ್ನೂ ಪಾಠ ಮಾಡಿದ ನಾನು ಅವಳಿಗೆ ಏನೂ ಉತ್ತರಿಸಲಿಲ್ಲ. ದೋಣಿಯನ್ನು ಇನ್ನೊಂದು ಸುತ್ತು ತಿರುಗಿಸಿದೆ.

ನಿಮ್ಮ ಮನೆಗಳಲ್ಲಿಯೂ ಕಡವು ದಾಟದೆ ಉಳಿದ ಅಕ್ಕಂದಿರು, ಅತ್ತೆಯಂದಿರು ಇರಬಹುದು. ಅವರಿರುವಾಗಲೇ ಒಮ್ಮೆ ಕೇಳಿ ತಿಳಿದುಕೊಳ್ಳಿ.