ತಾಂಬೊಪಾತಾ: ಮಣ್ಣು ಮೇಯುವ ಗಿಣಿಗಳ ದಂಡೆ

ಪೆರು ದೇಶದ ಆಗ್ನೇಯ ಮೂಲೆಯಲ್ಲಿ ಹರಿಯುವ ತಾಂಬೊಪಾತಾ ನದಿಯ ಮಳೆಕಾಡಿಗೆ ಹೊರಗಿನವರು ಮೊದಲು ಬಂದದ್ದು ರಬ್ಬರಿಗಾಗಿ, ಚಿನ್ನಕ್ಕಾಗಿ, ತೊಗಲಿಗಾಗಿ. ಆಳುದ್ದ ಬೆಳೆಯುವ ದೈತ್ಯ ನೀರುನಾಯಿಯನ್ನು ಅದರ ಮೆತ್ತನೆಯ ತೊಗಲಿನ ಆಸೆಗೆ ಕೊಂದು ಕೊಂದು ಬರಿದು ಮಾಡಿದರು. 1973ರಲ್ಲಿ ಪೆರು ಸರ್ಕಾರ ಅಮೆಜಾನ್ ಸೀಮೆಯಲ್ಲಿ ವ್ಯಾಪಾರದ ಬೇಟೆಯನ್ನು ನಿಷೇಧಿಸಿತು. ಪ್ರಾಣಿಗಳನ್ನು ನೋಡಲೆಂದೇ ಬರುವವರಿಗಾಗಿ ಎಕ್ಸ್‌ಪ್ಲೋರರ್ಸ್ ಇನ್ ಎಂಬ ಲಾಡ್ಜ್ ಇಲ್ಲಿ ತೆರೆದದ್ದು ಅದೇ ದಶಕದಲ್ಲಿ.

1989ರಲ್ಲಿ ಎಡ್ವಾರ್ಡೊ ನೈಕಾಂಡರ್ ಮತ್ತು ಕರ್ಟ್ ಹೋಲೆ ನದಿಯ ಇನ್ನೂ ಮೇಲ್ಭಾಗದಲ್ಲಿ ಸಂಶೋಧನಾ ಕೇಂದ್ರವೊಂದನ್ನು ಕಟ್ಟಿದರು. ಪ್ರವಾಸಿಗರು ಕೊಡುವ ಹಣದಲ್ಲಿ ಮಕಾವ್ ಗಿಣಿಗಳ ಅಧ್ಯಯನ ನಡೆಯಬೇಕೆಂಬುದು ಅವರ ಲೆಕ್ಕಾಚಾರ. ಕೇಂದ್ರದ ಹತ್ತಿರವೇ ಇರುವ ಕೆಮ್ಮಣ್ಣಿನ ಕಡಿದಾದ ದಂಡೆಗೆ ಸ್ಥಳೀಯರು ‘ಕೋಲ್ಪಾ’ ಎನ್ನುತ್ತಾರೆ. ನಸುಕಿನಲ್ಲೇ ಹೋಗಿ ಸದ್ದಿಲ್ಲದೆ ಕೂತರೆ ಮೊದಲು ಸಣ್ಣ ಗಿಣಿಗಳು, ಆಮೇಲೆ ಕೆಂಪು, ನೀಲಿ, ಹಳದಿಯ ಮಕಾವ್‌ಗಳು ಜೋಡಿಜೋಡಿಯಾಗಿ ಬಂದು ಮರಗಳಲ್ಲಿ ಸೇರುವುದು ಕಾಣುತ್ತದೆ. ಎಷ್ಟೋ ಹೊತ್ತು ಯಾವುದೂ ಇಳಿಯುವುದಿಲ್ಲ. ಧೈರ್ಯದ ಒಂದು ಹಕ್ಕಿ ಇಳಿದು ಮಣ್ಣಿಗೆ ಕೊಕ್ಕು ಹಾಕಿದ ಮೇಲೆ ಉಳಿದವು ಹಿಂದೆಯೇ ಬರುತ್ತವೆ. ಗಿಡುಗದ ನೆರಳು ಸುಳಿದರೆ ಸಾಕು, ಇಡೀ ದಂಡೆ ಒಮ್ಮೆಗೇ ಖಾಲಿ. ಕಾಯಿಗಳ ವಿಷ ಇಳಿಸಲು ಮಣ್ಣು ತಿನ್ನುತ್ತವೆ ಎಂದೇ ಬಹುಕಾಲ ನಂಬಲಾಗಿತ್ತು. ಡೊನಾಲ್ಡ್ ಬ್ರೈಟ್‌ಸ್ಮಿತ್ ಇಲ್ಲಿ ನಡೆಸಿದ ಅಧ್ಯಯನ ಸೋಡಿಯಂ ಕಡೆಗೆ ಬೆರಳು ತೋರಿಸಿತು: ಕಡಲಿನಿಂದ ಅಷ್ಟು ದೂರದ ಕಾಡಿನಲ್ಲಿ ಗಿಡಮರಗಳಿಗೇ ಉಪ್ಪಿನ ಕೊರತೆ.

ಮಕಾವ್ ಗೂಡಿನಲ್ಲಿ ಒಡೆದ ಮೊಟ್ಟೆಗಳ ಮರಿಗಳೆಲ್ಲ ಉಳಿಯುವುದಿಲ್ಲ. ತಾಯ್ತಂದೆಯ ತುತ್ತು ಸಿಗದೆ ಕಿರಿಯವು ಸಾಯುತ್ತವೆ. ಅಂಥ ಮರಿಗಳನ್ನು 1990ರ ದಶಕದಲ್ಲಿ ಸಂಶೋಧಕರು ಕೈತುತ್ತು ಕೊಟ್ಟು ಸಾಕಿ ಕಾಡಿಗೆ ಬಿಟ್ಟರು. ‘ಚಿಕೋಸ್’ ಎಂದು ಹೆಸರಾದ ಅವು ವರ್ಷಗಳ ನಂತರವೂ ಕೇಂದ್ರದ ಜಗಲಿಗೆ ಬಂದು ಕೂರುತ್ತಿದ್ದವು.

ನಿಜವಾದ ತಿರುವು ಬಂದದ್ದು 1996ರಲ್ಲಿ. ಎಸೆ ಎಹಾ ಮೂಲನಿವಾಸಿಗಳೂ ನದಿದಂಡೆಯ ಇತರ ಕುಟುಂಬಗಳೂ ಸೇರಿದ ಇನ್ಫಿಯೆರ್ನೊ ಸಮುದಾಯ ನೈಕಾಂಡರ್ ಮತ್ತು ಹೋಲೆಯವರ ಕಂಪನಿಯೊಡನೆ 20 ವರ್ಷದ ಒಪ್ಪಂದ ಮಾಡಿಕೊಂಡಿತು. ಲಾಭದಲ್ಲಿ ಸಮುದಾಯಕ್ಕೆ ಶೇ. 60, ಕಂಪನಿಗೆ ಶೇ. 40 ಎಂಬುದು ಆಗಿನ ಕರಾರು. ಸಮುದಾಯದ ನೆಲದಲ್ಲೇ 1998ರಲ್ಲಿ ಪೊಸಾದಾ ಅಮೆಜೋನಾಸ್ ಲಾಡ್ಜ್ ತೆರೆಯಿತು. ಅಡುಗೆಯವರು, ದೋಣಿಯವರು, ದಾರಿ ತೋರುವವರು ಹೀಗೆ ಊರಿನವರಿಗೇ ಕೆಲಸ ಸಿಕ್ಕಿತು. ಕಾಡು ಬಲ್ಲವರ ತಿಳಿವಳಿಕೆಗೆ ಕೂಲಿಯ ಜೊತೆಗೆ ಒಡೆತನವೂ ದಕ್ಕಿದ್ದು ಈ ಒಪ್ಪಂದದ ದೊಡ್ಡ ಸಾಧನೆ.

ಲಾಡ್ಜಿನ ಅತಿಥಿಗಳನ್ನು ಈಗ ಟ್ರೆಸ್ ಚಿಂಬಾದಾಸ್ ಎಂಬ ಬಿಲ್ಲಿನಾಕಾರದ ಕೆರೆಗೆ ಕರೆದೊಯ್ಯುತ್ತಾರೆ. ತೆಪ್ಪಕ್ಕೆ ಮೋಟಾರಿಲ್ಲ, ಹುಟ್ಟು ಹಾಕಿಯೇ ಸಾಗಬೇಕು. ಕೆರೆಯ ಒಂದು ಭಾಗಕ್ಕೆ ತೆಪ್ಪ ಹೋಗುವುದೇ ಇಲ್ಲ. ಅದು ನೀರುನಾಯಿಗಳಿಗೆಂದು ಬಿಟ್ಟ ಜಾಗ.