ಕಾಳಿಯ ಕಲ್ಲು

ಕಳೆದ ಕಾರ್ತಿಕ ಮಾಸದಲ್ಲಿ ನಮ್ಮ ಮನೆಯ ಮೋತಿ ತೀರಿಕೊಂಡಿತು. ಈ ಕ್ರಿಯಾಪದವನ್ನು ನಾಯಿಗೆ ಹಚ್ಚುವುದು ಸಾಧುವೇ ಎಂದು ವೈಯಾಕರಣ ಮಿತ್ರರು ಕೇಳಿಯಾರು. ಸಾಧುವೋ ಅಸಾಧುವೋ ನಾನರಿಯೆ. 'ಸತ್ತಿತು' ಎನ್ನಲು ನನಗೆ ನಾಲಗೆ ಏಳಲಿಲ್ಲ. 13 ವರ್ಷ ನಮ್ಮ ಹೊಸ್ತಿಲು ಕಾದ ಪ್ರಾಣಿ. ಕೊನೆಯ ತಿಂಗಳಲ್ಲಿ ಮೂತ್ರಪಿಂಡ ಕೆಟ್ಟು ಅನ್ನ ಬಿಟ್ಟಿತು, ನೀರು ಬಿಟ್ಟಿತು, ಕಡೆಗೆ ಏಳುವುದನ್ನೂ ಬಿಟ್ಟಿತು. ಪಶುವೈದ್ಯರು ಬಂದು ನೋಡಿ, "ಇನ್ನು ನರಳಿಸುವುದು ಬೇಡ, ನೀವು ಹೂಂ ಎಂದರೆ ಒಂದು ಇಂಜೆಕ್ಷನ್ ಕೊಟ್ಟುಬಿಡುತ್ತೇನೆ" ಎಂದರು. ನಾನು ಹೂಂ ಎಂದೆ. ಅದರ ತಲೆ ನನ್ನ ತೊಡೆಯ ಮೇಲಿತ್ತು.

ಮರುದಿನ ಕಾಲೇಜಿಗೆ ಹೋಗಲಾಗಲಿಲ್ಲ. ರಜೆಯ ಅರ್ಜಿಯಲ್ಲಿ ಕಾರಣ ಬರೆಯುವ ಜಾಗಕ್ಕೆ ಬಂದಾಗ ಲೇಖನಿ ನಿಂತಿತು. ಬಹಳ ಹೊತ್ತು ಯೋಚಿಸಿ, 'ಸ್ವಂತ ಕೆಲಸದ ನಿಮಿತ್ತ' ಎಂದು ಬರೆದೆ. ಹೇಗೋ ಸುದ್ದಿ ತಿಳಿದ ಸಹೋದ್ಯೋಗಿ ಮಿತ್ರರೊಬ್ಬರು, "ಏನು ಮೇಷ್ಟ್ರೇ, ನಾಯಿಗೂ ಸೂತಕವೇ?" ಎಂದು ನಕ್ಕರು. ಇನ್ನೊಬ್ಬರು ಗಂಭೀರವಾಗಿಯೇ ಹೇಳಿದರು: "ನಾಯಿಗಾಗಿ ಅಳುವುದೆಲ್ಲ ಪಟ್ಟಣದವರು ಪಶ್ಚಿಮದವರನ್ನು ನೋಡಿ ಕಲಿತ ಷೋಕಿ. ನಮ್ಮ ಹಿರಿಯರಿಗೆ ನಾಯಿ ಎಂದರೆ ನಾಯಿ, ಅಷ್ಟೆ." ಮೊದಲನೆಯವರಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ಎರಡನೆಯವರಿಗೆ ಕೊಡಬೇಕಾದ ಉತ್ತರ ನನ್ನ ಪಾಠದ ಪುಸ್ತಕದಲ್ಲೇ ಇತ್ತು. ಮುಂದಿನ ವಾರ ಹಳಗನ್ನಡದ ತರಗತಿಯಲ್ಲಿ ನಾನು ಹೇಳಬೇಕಾಗಿದ್ದ ಪಾಠ ಆತಕೂರಿನ ಶಾಸನ.

ಆತಕೂರು ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಈಗ ಅದನ್ನು ಆತಗೂರು ಎನ್ನುತ್ತಾರೆ. ಅಲ್ಲಿನ ಚಲ್ಲೇಶ್ವರ ದೇವಾಲಯದ ಮುಂದೆ ದೊರೆತ ಕಲ್ಲು ಬಹುಕಾಲದಿಂದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಶಕವರ್ಷ 872, ಸೌಮ್ಯ ಸಂವತ್ಸರ; ನಮ್ಮ ಲೆಕ್ಕದಲ್ಲಿ ಕ್ರಿ. ಶ. 949-50. ಚರಿತ್ರೆಯ ವಿದ್ಯಾರ್ಥಿಗಳಿಗೆಲ್ಲ ಈ ಕಲ್ಲಿನ ಪರಿಚಯವುಂಟು. ತಕ್ಕೋಲದ ಕಾಳಗದ ವಾರ್ತೆಯನ್ನು ನಮಗೆ ಮುಟ್ಟಿಸಿದ ಮುಖ್ಯ ದಾಖಲೆಗಳಲ್ಲಿ ಇದೊಂದು.

ಆ ಕಾಳಗವನ್ನು ಇಲ್ಲಿ ನಾಲ್ಕು ಮಾತಿನಲ್ಲಿ ಹೇಳಿದರೆ ಸಾಕು. ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣ, ಅಂದರೆ ಶಾಸನದ ಕನ್ನರದೇವ, ಚೋಳರ ಮೇಲೆ ದಂಡೆತ್ತಿ ಹೋದ. ಗಂಗರ ಇಮ್ಮಡಿ ಬೂತುಗ ಅವನಿಗೆ ಭಾವ, ಅವನೂ ಜೊತೆಗಿದ್ದ. ಇಂದಿನ ಅರಕ್ಕೋಣದ ಹತ್ತಿರದ ತಕ್ಕೋಲದಲ್ಲಿ ಎರಡು ಸೈನ್ಯಗಳೂ ಎದುರಾದವು. ಒಂದನೆಯ ಪರಾಂತಕ ಚೋಳನ ಮಗ ರಾಜಾದಿತ್ಯ ಆನೆಯ ಮೇಲಿದ್ದಂತೆಯೇ ಮಡಿದ. ಅವನನ್ನು ಕೊಂದವನು ಬೂತುಗನೆಂದು ಈ ಕಲ್ಲು ಹೇಳುತ್ತದೆ. ಮೆಚ್ಚಿದ ಕೃಷ್ಣ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70, ಇಷ್ಟು ನಾಡುಗಳನ್ನು ಬೂತುಗನಿಗೆ ಕೊಟ್ಟನೆಂದೂ ಹೇಳುತ್ತದೆ. ಶಾಸನವನ್ನು ಪ್ರಕಟಿಸಿದ ಫ್ಲೀಟ್ ಸಾಹೇಬರು ಮೊದಲ ಸಲ ಓದಿದಾಗ, ಬೂತುಗ ಆಲಿಂಗನದ ನೆವದಲ್ಲಿ ಮೋಸದಿಂದ ಇರಿದನೆಂದು ಅರ್ಥ ಮಾಡಿದರು. ಆನೆಯ ಅಂಬಾರಿಯನ್ನೇ ಕಾಳಗದ ಕಣ ಮಾಡಿಕೊಂಡು ಕಾದಿದನೆಂದು ಅವರೇ ಮುಂದೆ ತಿದ್ದಿಕೊಂಡರು. ಒಂದೆರಡು ಶಬ್ದಗಳ ಓದಿನಿಂದ ಒಬ್ಬ ಅರಸನ ತಲೆಯ ಮೇಲಿನ ಕಳಂಕ ತೊಡೆದುಹೋಯಿತು.

ವಿದ್ವಾಂಸರ ದೃಷ್ಟಿಯೆಲ್ಲ ಈ ಕಡೆಗೇ ಹರಿದದ್ದರಲ್ಲಿ ಆಶ್ಚರ್ಯವಿಲ್ಲ. ನಾನೂ ಹಾಗೆಯೇ ಪಾಠ ಹೇಳುತ್ತಿದ್ದೆ. ಕಾಳಗ, ಕಾಲನಿರ್ಣಯ, ನಾಡುಗಳ ಪಟ್ಟಿ, ಪರೀಕ್ಷೆಗೆ ಬರಬಹುದಾದ ರೂಪಗಳು. ಕೊನೆಗೆ ಐದು ನಿಮಿಷ ಉಳಿದರೆ, "ಇದರಲ್ಲಿ ಒಂದು ನಾಯಿಯ ಪ್ರಸ್ತಾಪವೂ ಇದೆ" ಎಂದು ಹೇಳಿ ಪುಸ್ತಕ ಮುಚ್ಚುವುದು. ಹುಡುಗರು ಆಗ ಸ್ವಲ್ಪ ಎಚ್ಚರಗೊಳ್ಳುತ್ತಿದ್ದರು. ಅಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು.

ಈ ಸಲ ಮನೆಯಲ್ಲಿ ಕುಳಿತು ಶಾಸನವನ್ನು ಮತ್ತೆ ಓದಿದೆ. ಓದಿದಂತೆ ನನ್ನ ಪಾಠ ತಲೆಕೆಳಗಾಗಿದ್ದುದು ತಿಳಿಯಿತು. ಈ ಕಲ್ಲನ್ನು ನಿಲ್ಲಿಸಿದ್ದು ರಾಜಾದಿತ್ಯನಿಗಾಗಿ ಅಲ್ಲ, ಬೂತುಗನ ಕೀರ್ತಿಗಾಗಿಯೂ ಅಲ್ಲ. ನಿಲ್ಲಿಸಿದ್ದು ನಾಯಿಗಾಗಿ. ಚಕ್ರವರ್ತಿಯ ಯುದ್ಧ ಅದರಲ್ಲಿ ಸಂದರ್ಭವಾಗಿ ಬಂದಿದೆ.

ಕಥೆ ಹೀಗಿದೆ. ಬೂತುಗನ ಕಡೆಯಲ್ಲಿ ಮಣಲೆರನೆಂಬ ವೀರನಿದ್ದ. ಸಗರ ವಂಶದವನು, ವಲಭಿಪುರದ ಒಡೆಯನೆಂಬ ಬಿರುದುಳ್ಳವನು. ಕಾಳಗದಲ್ಲಿ ಒಡೆಯನ ಮುಂದೆ ನಿಂತು ಇರಿದ. ಒಡೆಯ ಮೆಚ್ಚಿ, ಬೇಕಾದುದನ್ನು ಬೇಡಿಕೋ ಎಂದ. ಮಣಲೆರ ಬೇಡಿದ್ದು ಒಂದು ನಾಯಿಯನ್ನು. ಅದರ ಹೆಸರು ಕಾಳಿ. ಬೇಡಿದ, ಪಡೆದ. ಆಮೇಲೆ ಕೆಳಲೆ ನಾಡಿನಲ್ಲಿ, ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ಒಂದು ಹೆಗ್ಗಾತ್ರದ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಶಾಸನಕಾರ ಬಳಸಿದ ಕ್ರಿಯಾಪದ ಅದೇ. ನನ್ನಂತೆ ಅವನು ಬೇರೆ ಮಾತು ಹುಡುಕಲಿಲ್ಲ. ಇಷ್ಟು ಹೇಳಿ, ಇದಕ್ಕಾಗಿ ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನಡಿಸಿದೆವೆಂದು ಮುಂದುವರಿಯುತ್ತಾನೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮಣಲೆರ ಊರುಕೇರಿಗಳನ್ನೆಲ್ಲ ಒಲ್ಲೆನೆಂದು ನಾಯಿಯೊಂದನ್ನೇ ಆರಿಸಿಕೊಂಡನೆಂದು ಜನ ಚಮತ್ಕಾರವಾಗಿ ಹೇಳುವುದುಂಟು. ಕಲ್ಲಿನ ಮೇಲೆ ಹಾಗಿಲ್ಲ. ಬೂತುಗ ಅವನಿಗೆ ಆತಕೂರು 12ನ್ನೂ ಬೆಳ್ವೊಲದಲ್ಲಿ ಒಂದು ಊರನ್ನೂ ಬಾಳ್ಗಚ್ಚಾಗಿ, ಎಂದರೆ ಕತ್ತಿ ತೊಳೆದ ಉಡುಗೊರೆಯಾಗಿ, ಕೊಟ್ಟನೆಂದು ಅಲ್ಲೇ ಬರೆದಿದೆ. ಕಥೆಯ ಸೊಗಸು ಇದರಿಂದ ಕುಂದುವುದಿಲ್ಲ. ಭೂಮಿ ಒಡೆಯನಾಗಿ ಕೊಟ್ಟದ್ದು, ನಾಯಿ ತಾನಾಗಿ ಬೇಡಿದ್ದು. ಬಾಯಿಬಿಟ್ಟು ಬೇಡುವ ಅವಕಾಶ ಬಂದಾಗ ಮನಸ್ಸು ಮೊದಲು ಎತ್ತ ಹರಿಯುತ್ತದೆಂಬುದರಲ್ಲಿ ಮನುಷ್ಯನ ಗುಣ ತಿಳಿಯುತ್ತದೆ.

ಕಲ್ಲು ನಿಲ್ಲಿಸಿ ಅವರು ಸುಮ್ಮನಾಗಲಿಲ್ಲ. ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣನ್ನು ಅದಕ್ಕಾಗಿ ಬಿಟ್ಟರು. ಕೆರೆಯ ಕೆಳಗಿನ ಮಣ್ಣೆಂದರೆ ನೀರುಣ್ಣುವ ಗದ್ದೆ. ನಾಯಿಯ ಹೆಸರಿಗೆ ಯಾವುದಾದರೂ ಕಲ್ಲುಭೂಮಿಯನ್ನು ಬಿಟ್ಟಿದ್ದರೂ ಕೇಳುವವರಿರಲಿಲ್ಲ. ಆ ಮಣ್ಣಿಗೆ ಕೈಯಿಕ್ಕಿದವರಿಗೆ ಪಾಪದ ಭಯವನ್ನೂ ಒಡ್ಡಿದರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ, ಎಂದರೆ ಶೈವ ಪೂಜಾರಿ, ಆ ಕಲ್ಲನ್ನು ಪೂಜಿಸದೆ ಉಣ್ಣಬಾರದು; ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ.

ಈ ಕಟ್ಟಳೆಯ ಮುಂದೆ ನಾನು ಬಹಳ ಹೊತ್ತು ಕುಳಿತೆ. ನಾಯಿ ಸಾಕಿದ ಮನೆಯವರಿಗೆಲ್ಲ ಗೊತ್ತು: ಮನೆಯವರ ಊಟ ಮುಗಿಯುವವರೆಗೆ ಅದು ಬಾಗಿಲ ಬಳಿ ಕಾಯುತ್ತದೆ. ಎಲೆ ಎತ್ತುವ ಸದ್ದಿಗೆ ಕಿವಿ ನಿಮಿರುತ್ತದೆ. ಆತಕೂರಿನಲ್ಲಿ ಸರದಿ ಬದಲಾಯಿತು. ಬದುಕಿದ್ದಾಗ ಇತರರ ಊಟಕ್ಕಾಗಿ ಕಾದಿರಬಹುದಾದ ಜೀವಕ್ಕೆ, ಸತ್ತ ಮೇಲೆ ಪೂಜಾರಿ ತನ್ನ ತುತ್ತನ್ನು ತಡೆದು ಕಾಯಬೇಕು. ದುಃಖ ಬಹುಬೇಗ ಮಾಸುತ್ತದೆಂದು ಕಲ್ಲು ನಿಲ್ಲಿಸಿದವರಿಗೆ ತಿಳಿದಿದ್ದಿರಬೇಕು. ಆದ್ದರಿಂದ ಅದನ್ನು ಯಾರದೋ ನೆನಪಿಗೆ ಬಿಡದೆ, ದಿನದ ಹಸಿವಿಗೆ ಕಟ್ಟಿದರು.

ಇನ್ನು ಆ ಪಾಪದ ಮಾತು. ಶಾಸನಗಳ ಶಾಪಾಶಯ ನಮಗೆ ಹೊಸದಲ್ಲ. ದಾನವನ್ನು ಅಳಿಸಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂಬುದು ನೂರಾರು ಕಲ್ಲುಗಳ ಮೇಲಿದೆ. 'ನಾಯಿ ಮಾಡಿದ ಪಾಪ' ಎಂಬುದು ಮಾತ್ರ ಆ ರೂಢಿಯ ಮಾತಲ್ಲ. ಬೇಟೆಯ ನಾಯಿ ಜೀವಹತ್ಯೆ ಮಾಡುತ್ತದೆ, ಆ ಪಾಪ ಎಂದು ಅರ್ಥ ಮಾಡಬಹುದು. ನಾಯಾಗಿ ಹುಟ್ಟಲು ಕಾರಣವಾದ ಹಿಂದಿನ ಜನ್ಮದ ಪಾಪವೆಂದೂ ಹೇಳಬಹುದು. ಮೊದಲನೆಯದೇ ನನಗೆ ನೇರವಾಗಿ ಕಾಣುತ್ತದೆ. ಆದರೆ ನಾಯಿ ತಾನಾಗಿ ಹಂದಿಯ ಮೇಲೆ ಹೋಗಲಿಲ್ಲ, ಅದನ್ನು ಬಿಟ್ಟರು. ಹಗ್ಗ ಸಡಿಲಿಸಿದ ಕೈ ಮನುಷ್ಯನದು. ಹಾಗಿದ್ದಮೇಲೆ ಆ ಪಾಪ ಯಾರ ಲೆಕ್ಕಕ್ಕೆ? ಕಲ್ಲು ನಿಲ್ಲಿಸಿದವನ ಎದೆಯಲ್ಲಿ ಈ ಪ್ರಶ್ನೆ ಮುಳ್ಳಾಡಿಸಿರಬಹುದೆಂದು ನಾನು ಊಹಿಸುತ್ತೇನೆ. ಊಹೆಯೆಂದೇ ಹೇಳುತ್ತೇನೆ; ಶಾಸನದಲ್ಲಿ ಇದಕ್ಕೆ ಆಧಾರವಿಲ್ಲ. ಆಧಾರ ಇರುವುದು ನನ್ನಲ್ಲಿ. ಸಾಕಿದ ಪ್ರಾಣಿಯ ಸಾವಿಗೆ ಅಳುವವನು ಬರಿಯ ಅಗಲಿಕೆಗೆ ಅಳುವುದಿಲ್ಲ. ಅದರ ಪರವಾಗಿ ತಾನಾಡಿದ ಮಾತಿಗೂ ಅಳುತ್ತಾನೆ. ಅದು ನಮ್ಮ ಮಾತನ್ನು ನಂಬಿತ್ತು. 'ಹೂಂ' ಎಂದವರು ನಾವು.

ವೀರಗಲ್ಲುಗಳನ್ನು ನೋಡಿದವರಿಗೆ ಅವುಗಳ ಕ್ರಮ ಗೊತ್ತು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಆತಕೂರಿನ ಕಲ್ಲಿನಲ್ಲಿ ಕೆತ್ತಿರುವುದು ಹಂದಿಗೂ ನಾಯಿಗೂ ನಡೆದ ಹೋರಾಟ ಮಾತ್ರ. ವಿಮಾನವಿಲ್ಲ, ಅಪ್ಸರೆಯರಿಲ್ಲ. ಧರ್ಮರಾಯ ತನ್ನ ಹಿಂದೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರುವುದಿಲ್ಲವೆಂದು ಹಟ ಹಿಡಿದ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಅಲ್ಲಿ ನಾಯಿ ಕೊನೆಗೆ ಧರ್ಮದೇವತೆಯಾಗುತ್ತದೆ. ಕಾಳಿ ಏನೂ ಆಗುವುದಿಲ್ಲ. ನಾಯಾಗಿಯೇ ಬಂತು, ನಾಯಾಗಿಯೇ ಸತ್ತಿತು, ನಾಯಾಗಿಯೇ ಪೂಜೆಗೊಂಡಿತು. ಇದೇ ನನಗೆ ಹೆಚ್ಚು ಹಿಡಿಸುತ್ತದೆ.

ಮಣಲೆರನೊಬ್ಬನ ಹುಚ್ಚು ಇದೆಂದು ಯಾರೂ ತಳ್ಳಿಹಾಕದಿರಲಿ. ಅವನಿಗಿಂತ ಮುನ್ನೂರು ವರ್ಷ ಹಿಂದೆ, ಪಲ್ಲವ ಮಹೇಂದ್ರವರ್ಮನ ಕಾಲದಲ್ಲಿ, ತಮಿಳುನಾಡಿನ ಎಡುತ್ತನೂರಿನಲ್ಲಿ ನಿಂತ ವೀರಗಲ್ಲಿನ ಮೇಲೆ ವೀರನ ಪಕ್ಕದಲ್ಲಿ ಅವನ ನಾಯಿಯೂ ಇದೆ. ಅದರ ಹೆಸರು ಕೋವಿವನ್. ಕಳ್ಳರನ್ನು ಕಚ್ಚಿ ನಿಂತಿತೆಂದು ಅಲ್ಲಿ ಬರೆದಿದ್ದಾರೆ. ದೂರದ ರೋಮಿನಲ್ಲಿ ಮಾರ್ಗರೀಟಾ ಎಂಬ ಬೇಟೆನಾಯಿ ಮರಿಹಾಕುವಾಗ ಸತ್ತದ್ದಕ್ಕೆ ಅಮೃತಶಿಲೆಯ ಮೇಲೆ ಪದ್ಯ ಬರೆಸಿದ್ದಾರೆ. ಆ ಶಿಲೆ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಈ ದುಃಖವನ್ನು ಯಾರೂ ಯಾರಿಂದಲೂ ಕಲಿಯಬೇಕಾಗಿರಲಿಲ್ಲ.

ಒಂದು ಲೆಕ್ಕವನ್ನು ಓದುಗರ ಮುಂದಿಡುತ್ತೇನೆ. ರಾಜಾದಿತ್ಯನ ಮರಣವನ್ನು ಚೋಳರ ಲೈಡನ್ ತಾಮ್ರಶಾಸನವೂ ಹೇಳುತ್ತದೆ. ಆದರೆ ಕೊಂದವನು ಬೂತುಗನೆಂದು ತಿಳಿಸುವ ಕಲ್ಲು ಇದು. ಕಾಳಿ ಆ ಮೊರಡಿಯಲ್ಲಿ ಸಾಯದಿದ್ದರೆ ಈ ಕಲ್ಲು ಏಳುತ್ತಿರಲಿಲ್ಲ. ಕಲ್ಲು ಏಳದಿದ್ದರೆ ಬೂತುಗನ ಪರಾಕ್ರಮದ ಎಷ್ಟು ವಿವರ ನಮಗೆ ಉಳಿಯುತ್ತಿತ್ತೋ ಹೇಳಲಾರೆ. ರಾಷ್ಟ್ರಕೂಟರ ಸಾಮ್ರಾಜ್ಯ 25 ವರ್ಷಗಳೊಳಗೆ ಕುಸಿಯಿತು. ಅವರ ದೊಡ್ಡ ಗೆಲವಿನ ವಾರ್ತೆಯನ್ನು ಒಂದು ನಾಯಿಯ ಸಮಾಧಿಲೇಖ ಸಾವಿರ ವರ್ಷ ಹೊತ್ತು ತಂದಿದೆ.

ಮುಂದಿನ ವಾರ ತರಗತಿಯಲ್ಲಿ ಪಾಠವನ್ನು ಕಾಳಿಯಿಂದಲೇ ಆರಂಭಿಸಿದೆ. ತಕ್ಕೋಲ ಆಮೇಲೆ ಬಂತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಆ ಗೊರವ ನಿಜವಾಗಿಯೂ ಪೂಜೆ ಮಾಡಿಯೇ ಉಣ್ಣುತ್ತಿದ್ದನೇ?" ಎಂದು ಕೇಳಿದ. ಕಲ್ಲು ಅದನ್ನು ಹೇಳುವುದಿಲ್ಲ ಎಂದೆ. ಎಷ್ಟು ತಲೆಮಾರಿನ ಗೊರವರು ಆ ಕಟ್ಟಳೆ ನಡೆಸಿದರೋ, ಯಾವ ಮಧ್ಯಾಹ್ನ ಯಾವ ಹಸಿದವನು ಮೊದಲು ಅದನ್ನು ಮರೆತನೋ, ಬಲ್ಲವರಿಲ್ಲ.

ನಮ್ಮ ಮನೆಯಲ್ಲಿ ತಾಯಿಯವರು ಅನ್ನ ಬಸಿದ ಕೂಡಲೇ ಒಂದು ಹಿಡಿ ತೆಗೆದು ಮೋತಿಗೆಂದು ಬೇರೆ ಇಡುತ್ತಿದ್ದರು. ಈಗಲೂ ಇಡುತ್ತಾರೆ. ಮೊದಮೊದಲು ಮರೆತು ಇಟ್ಟು, ನೆನಪಾಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಈಗ ತಿಳಿದೇ ಇಡುತ್ತಾರೆ. ಬೀದಿಯ ಕುಂಟುನಾಯಿಯೊಂದು ಹೊತ್ತಿಗೆ ಸರಿಯಾಗಿ ಬಂದು ತಿಂದು ಹೋಗುತ್ತದೆ. ಅದು ತಿಂದು ಮುಗಿಸುವವರೆಗೆ ನಾನು ಎಲೆಯ ಮುಂದೆ ಕುಳಿತಿರುತ್ತೇನೆ.