ಸ್ಮಾರ್ಟ್‌ವಾಚ್ ಜ್ವರ ಮೊದಲೇ ಹೇಳುತ್ತಾ? ನಂಬಬೇಕಾದ್ದೆಷ್ಟು?

ಅಂಗಡಿ ಗಲ್ಲಾದಿಂದ ಹಿಡಿದು ಹಾಲಿನ ಡೇರಿವರೆಗೆ ಈಗ ಹಲವರ ಕೈಯಲ್ಲಿ ಸ್ಮಾರ್ಟ್‌ವಾಚ್ ಇದೆ. ಕಾಯಿಲೆ ಬರೋದನ್ನ ಅದು ಮೊದಲೇ ಹೇಳುತ್ತಂತೆ ಎಂಬ ಮಾತೂ ಇದೆ. ಅದರಲ್ಲಿ ಸ್ವಲ್ಪ ನಿಜವಿದೆ, ಪೂರ್ತಿ ಇಲ್ಲ.

ವಾಚ್ ಹಿಂಬದಿಯಲ್ಲಿ ಹಸಿರು ದೀಪ ಮಿನುಗುತ್ತಿರುತ್ತದೆ. ಚರ್ಮದಡಿ ಹರಿಯುವ ರಕ್ತ ಹೆಚ್ಚು-ಕಡಿಮೆ ಆದಂತೆ ವಾಪಸ್ ಬರುವ ಬೆಳಕೂ ಬದಲಾಗುತ್ತದೆ. ನಾಡಿ ಲೆಕ್ಕ ಸಿಗುವುದು ಅದರಿಂದಲೇ. ಸೋಂಕು ತಗುಲಿದರೆ ಮಲಗಿದ್ದಾಗಲೂ ನಾಡಿ ಏರುತ್ತದೆ. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಾದರೆ ಬಡಿತ ನಿಮಿಷಕ್ಕೆ ಸುಮಾರು 10 ಹೆಚ್ಚುತ್ತದೆ ಎಂಬುದು ವೈದ್ಯರ ಹಳೇ ಲೆಕ್ಕ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೈಕೆಲ್ ಸ್ನೈಡರ್ ಇದನ್ನು ತಮ್ಮ ಮೈಮೇಲೇ ಕಂಡವರು. ನಾರ್ವೆ ಪ್ರಯಾಣದ ವೇಳೆ ಅವರು ಧರಿಸಿದ್ದ ಉಪಕರಣಗಳು ಆಕ್ಸಿಜನ್ ಕಮ್ಮಿ, ನಾಡಿ ಜಾಸ್ತಿ ತೋರಿಸಿದವು. ಆಮೇಲೆ ಗೊತ್ತಾಗಿದ್ದು ಉಣುಗು ಕಚ್ಚಿ ಬರುವ ಲೈಮ್ ರೋಗ. 2020ರಲ್ಲಿ ಅವರ ತಂಡ ಕೋವಿಡ್ ಬಂದಿದ್ದ 32 ಮಂದಿಯ ವಾಚ್ ಮಾಹಿತಿ ನೋಡಿತು. 26 ಮಂದಿಯ ನಾಡಿ, ನಡಿಗೆ, ನಿದ್ದೆಯಲ್ಲಿ ವ್ಯತ್ಯಾಸವಿತ್ತು. ಹಲವರಲ್ಲಿ ಅದು ರೋಗಲಕ್ಷಣಕ್ಕಿಂತ ಮೊದಲೇ ಕಂಡಿತ್ತು. 32 ಅಂದ್ರೆ ಸಣ್ಣ ಸಂಖ್ಯೆ, ಅದೂ ನೆನಪಿರಲಿ.

ತೊಡಕು ಇರುವುದು ಇಲ್ಲಿ: ಕುಡಿತ, ದೂರ ಪ್ರಯಾಣ, ಟೆನ್ಷನ್, ಲಸಿಕೆ, ಯಾವುದಾದರೂ ನಾಡಿ ಏರಿಸಬಹುದು. ಏನೋ ಸರಿಯಿಲ್ಲ ಎನ್ನುವಷ್ಟು ವಾಚ್‌ಗೆ ಗೊತ್ತು. ಅದು ಡೆಂಗಿಯೋ, ಫ್ಲೂನೋ ಎಂದು ಹೇಳಲಾರದು. ಟೈಫಾಯ್ಡ್‌ನಲ್ಲಂತೂ ಜ್ವರ ಜೋರಿದ್ದರೂ ನಾಡಿ ಅಷ್ಟು ಏರದಿರುವುದುಂಟು. ಆಕ್ಸಿಜನ್ ಅಂಕಿಯನ್ನೂ ಪೂರ್ತಿ ನಂಬುವಂತಿಲ್ಲ. ಕಪ್ಪು ಮೈಬಣ್ಣದವರಲ್ಲಿ ಆಸ್ಪತ್ರೆಯ ಬೆರಳಿನ ಆಕ್ಸಿಮೀಟರೇ ಕೆಲವೊಮ್ಮೆ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ.

ಉಪಯೋಗ ಬೇಕಿದ್ದರೆ ಆರೋಗ್ಯವಾಗಿದ್ದಾಗಲೇ ಎರಡು ವಾರ ರಾತ್ರಿ ಕಟ್ಟಿಕೊಂಡು ಮಲಗಿ, ನಿಮ್ಮ ಮಾಮೂಲಿ ಬಡಿತ ಎಷ್ಟು ಅಂತ ಬರೆದಿಟ್ಟುಕೊಳ್ಳಿ. ಪಕ್ಕದ ಅಂಗಡಿಯವರ ಅಂಕಿ ನಿಮಗೆ ಲೆಕ್ಕಕ್ಕಿಲ್ಲ. ಕಾರಣವಿಲ್ಲದೆ ಸತತ ಎರಡು ರಾತ್ರಿ ಏರಿದರೆ, ಮೈಕೈ ನೋವೂ ಇದ್ದರೆ, ಥರ್ಮಾಮೀಟರ್ ಇಟ್ಟು ನೋಡಿ.

ಡೆಂಗಿಯಲ್ಲಿ ಮಾತ್ರ ವಾಚ್ ನೆಚ್ಚಿ ಕೂರಬಾರದು. ಜ್ವರ ಇಳಿಯುವ ಹೊತ್ತೇ ಅಲ್ಲಿ ಅಪಾಯದ ಹೊತ್ತು. ಜ್ವರ ಬಿಡ್ತಲ್ಲ ಅಂತ ಬಾಗಿಲು ತೆಗೆದು ವ್ಯಾಪಾರಕ್ಕೆ ಕೂತವರಿಗೆ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು, ವಾಚ್‌ನ ಅಂಕಿ ಏನೇ ಇರಲಿ.